ಗಿನ್ನಿಗೆ ಹಚ್ಚಿದ ಕಲ್ಲಿನ ಹಿಟ್ಟು

ಆ ದಿನ ಬೆಳಿಗ್ಗೆಯೂ ಮೊದಲು ಕಿಟಕಿ ಒರೆಸಿದೆ. ಒಣ ಬಟ್ಟೆಯಿಂದಲೇ. ವಾಡಿಯ ಕಾಲನಿಯಲ್ಲಿ ರಾತ್ರಿ ಬಿದ್ದ ಸಿಮೆಂಟಿನ ಧೂಳಿಗೆ ನೀರು ತಾಗಿತೋ, ಅದು ಕೂತಲ್ಲೇ ಬಿಗಿದುಕೊಳ್ಳುತ್ತದೆ. ಆಮೇಲೆ ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಈ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ನನಗೆ ಇದನ್ನು ಹೇಳಿಕೊಟ್ಟವರು ಪಕ್ಕದ ಮನೆಯವರು, ಸೇಡಂ ಕಡೆಯ ಮುಧೋಳದ ಹೆಣ್ಣುಮಗಳು. “ಅಕ್ಕೋರ, ಇದು ಮಣ್ಣಲ್ರಿ. ಇದಕ್ಕ ನೀರ ತೋರಿಸಿದ್ರ ಗ್ವಾಡಿ ಆಗ್ತದ,” ಎಂದು ನಕ್ಕಿದ್ದರು. ಅಂದಿನಿಂದ ನನ್ನ ಬೆಳಗು ಒಣ ಅರಿವೆಯಿಂದಲೇ ಶುರು. ಕಿಟಕಿ, ಬಾಗಿಲ ಚೌಕಟ್ಟು, ಟಿವಿಯ ತಲೆ, ಕಡೆಗೆ ತುಳಸಿ. ತುಳಸಿಯ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಅಡಿಯಿಂದ ಹಸಿರು ಏಳುತ್ತದೆ. ಮರುದಿನ ಮತ್ತೆ ಬೂದು.

ಹಾಲು ಕಾಯಿಸಿ, ರೊಟ್ಟಿಗೆ ಹಿಟ್ಟು ನಾದಿಟ್ಟು ಹಿತ್ತಲಿಗೆ ಹೋದರೆ ಅತ್ತೆ ಆಗಲೇ ನಳದ ಕಟ್ಟೆಯ ಬಳಿ ಕೂತಿದ್ದರು. ಮುಂದೆ ದೇವರ ಸಾಮಾನು: ದೀಪದ ಸಮೆ, ಗಂಟೆ, ಆರತಿ ತಟ್ಟೆ, ಒಂದು ಸಣ್ಣ ತಂಬಿಗೆ. ಬಲಗಡೆ ತೆಂಗಿನ ಚಿಪ್ಪಿನಲ್ಲಿ ಕಲ್ಲಿನ ಹಿಟ್ಟು. ಅತ್ತೆಗೆ ಕಣ್ಣು ಕಾಣುವುದಿಲ್ಲ. ಮೊದಲು ಎಡಗಣ್ಣು ಹೋಯಿತು. ನರ ಒಣಗಿದೆ ಎಂದರು ಡಾಕ್ಟರು. ಎರಡು ದೀಪಾವಳಿ ಕಳೆಯುವುದರಲ್ಲಿ ಬಲಗಣ್ಣೂ ಅದರ ಹಿಂದೆ ಹೋಯಿತು. ಆದರೆ ದೇವರ ಸಾಮಾನು ತಿಕ್ಕುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಹುಣಸೆ ಹಣ್ಣಿನ ನೀರಲ್ಲಿ ಹೆಬ್ಬೆರಳು ಅದ್ದುತ್ತಾರೆ, ಹಿಟ್ಟಿನ ಮೇಲೆ ಒತ್ತುತ್ತಾರೆ, ಆಮೇಲೆ ಸುತ್ತು. ಸಣ್ಣ ಸಣ್ಣ ಸುತ್ತು, ಎಡದಿಂದ ಬಲಕ್ಕೆ, ಒಂದೇ ಸಮ. ಮಗುವಿನ ನೆತ್ತಿಗೆ ಎಣ್ಣೆ ಹಚ್ಚಿದ ಹಾಗೆ.

“ಬಂದೇನು? ನನ್ನ ರಾಣಿಗೋಳನ್ನ ಒಮ್ಮೆ ಕೊಡು ಇತ್ಲಾಗ,” ಎಂದರು, ನನ್ನ ಹೆಜ್ಜೆ ಗುರುತಿಸಿ.

“ಇವತ್ತ ಯಾಕ್ರಿ ಅತ್ತಿ? ರೈಲಿಗಿ ಹೊತ್ತಾಗ್ತದ.”

“ಹೊತ್ತೇನಾಗ್ತದ. ಮಂದಿ ಮುಂದ ಹೋಗೋರು ಮಕಾ ತೊಕ್ಕೊಂಡ ಹೋಗಬೇಕೋ ಬ್ಯಾಡೋ? ಕನ್ಯಾ ತೋರಸ್ಲಿಕ್ಕ ಹಂಗೇ ಕರಕೊಂಡ ಹೋಗ್ತೀ?”

ನನಗೂ ನಗು ಬಂತು. ಒಳಗೆ ಹೋಗಿ ಕಬ್ಬಿಣದ ಕಪಾಟಿನಿಂದ ಡಬ್ಬಿ ತಂದು ಅವರ ಮಡಿಲಲ್ಲಿಟ್ಟೆ.

ಡಬ್ಬಿಯಲ್ಲಿದ್ದದ್ದು ಒಂಬತ್ತು ಗಿನ್ನಿ. ಇಂಗ್ಲೆಂಡಿನ ರಾಜ ರಾಣಿಯರ ಮುಖವಿರುವ ಹಳೆಯ ಬಂಗಾರದ ನಾಣ್ಯಗಳಿಗೆ ನಮ್ಮ ಕಡೆ ಹೀಗೆನ್ನುತ್ತಾರೆ. ಅಂಗಡಿಯವರ ಬಾಯಲ್ಲಿ ಸವರನ್. ಅವು ನನ್ನವು. ಚಿಂಚೋಳಿಯ ತವರಿನ ಹೊಲ ಮಾರಿದಾಗ ಅಣ್ಣ ಕೇಳದೆಯೇ ನನ್ನ ಪಾಲು ಕೊಟ್ಟ. ಯಜಮಾನರು ಬ್ಯಾಂಕಿನಲ್ಲಿಡು ಎಂದರು. ಪಕ್ಕದ ಮನೆಯವರು ಪಾಟಲಿ ಮಾಡಿಸಿರಿ, ಕೈ ಬರಿದಾಗಿ ಕಾಣುತ್ತದೆ ಎಂದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಹುಡುಗಿಯಾಗಿದ್ದಾಗ ಶಹಾಬಾದಿನ ಸಿಸ್ಟರ್‌ಗಳ ಶಾಲೆಯ ಹಾಸ್ಟೆಲಿನಲ್ಲಿದ್ದು ಓದಿದವಳು. ಇಂಗ್ಲಿಷ್ ಓದಲು ಬರುತ್ತದೆ ಎಂಬುದೊಂದೇ ಈ ಮನೆಯಲ್ಲಿ ನನಗಿದ್ದ ಹೆಚ್ಚುಗಾರಿಕೆ. ಮೊಬೈಲಿನಲ್ಲಿ ಮಧ್ಯಾಹ್ನಗಟ್ಟಲೆ ಓದಿದೆ. ಒಡವೆಯಾದರೆ ಮಜೂರಿ ಹೋಗುತ್ತದೆ, ಸವಕಲು ಎಂದು ಕಳೆಯುತ್ತಾರೆ. ಹಳೆಯ ಗಿನ್ನಿಗೆ ಹಾಗಲ್ಲ. ಅದಕ್ಕೆ ಬಂಗಾರದ ಬೆಲೆ ಒಂದು, ಹಳೆಯದೆಂಬುದರ ಬೆಲೆ ಬೇರೆ. ಒಂದೊಂದು ಟಂಕಸಾಲೆಯದಕ್ಕೆ ಒಂದೊಂದು ಬೆಲೆ. ಬಂಗಾರ ಬಿದ್ದರೂ ಹಳೆತನ ಬೀಳುವುದಿಲ್ಲವಲ್ಲ ಎಂದು ನಾನು ಲೆಕ್ಕ ಹಾಕಿದೆ. ಹೈದರಾಬಾದಿನ ನಾಣ್ಯದ ವ್ಯಾಪಾರಿಯೊಬ್ಬರಿಂದ, ಬಂಗಾರದ ಭಾವಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು, ಒಂದೊಂದಾಗಿ ಕೊಂಡೆ.

ವ್ಯಾಪಾರಿ ಮೊದಲ ಸಲ ಹೇಳಿದ್ದು ಒಂದೇ ಮಾತು. “ಇವನ್ನ ಹಂಗೇ ಇಡ್ರಿ ಅಮ್ಮಾ. ಕೊಂಡಿ ಬೆಸೆದ್ರಿ ಅಂದ್ರ ಖೇಲ್ ಖತಂ.”

ನಾನು ಹಾಗೇ ಇಟ್ಟೆ. ನಮ್ಮ ಕಡೆ ಗಿನ್ನಿ ಸಿಕ್ಕಿದರೆ ಮೊದಲು ಅಕ್ಕಸಾಲಿಗನ ಹತ್ತಿರ ಒಯ್ದು ನೆತ್ತಿಗೊಂದು ಕೊಂಡಿ ಬೆಸೆಸುತ್ತಾರೆ. ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿದರೇನೇ ಅದು ಬಂಗಾರ. ಭಂಕೂರಿನ ನಾದಿನಿ ಮಗಳ ಮದುವೆಗೆ ಎರಡು ಗಿನ್ನಿ ಕೇಳಿದಳು, ಸರದ ನಡುವೆ ಪೋಣಿಸಲಿಕ್ಕೆ, ಮದುವೆ ಮುಗಿದ ಮೇಲೆ ವಾಪಸು ಕೊಡುತ್ತೇನೆಂದು. ನಾನು ಒಲ್ಲೆ ಎಂದೆ. “ವೈನಿ, ನಿಮ್ಮ ರಾಣಿ ನಮ್ಮ ಹುಡುಗಿ ಕೊಳ್ಳಾಗ ಕುಂತ್ರ ಮೈಲಿಗಿ ಆಗ್ತಾಳೇನ್ರಿ?” ಎಂದು ಎಲ್ಲರೆದುರು ಕೇಳಿ ಎದ್ದು ಹೋದಳು. ಆ ವರ್ಷ ಪಂಚಮಿಗೂ ಬರಲಿಲ್ಲ. ಆದರೆ ತಾಯಿಗೆ ಕಲ್ಲಿನ ಹಿಟ್ಟು ಕಳಿಸುವುದನ್ನು ಮಾತ್ರ ತಪ್ಪಿಸಲಿಲ್ಲ.

ಆ ಹಿಟ್ಟಿನ ಮಾತು ಹೇಳಬೇಕು. ಶಹಾಬಾದಿನ ಸುತ್ತ ನೆಲದಡಿಯಿಂದ ಹಾಸುಹಾಸಾಗಿ ಏಳುವ ಕಲ್ಲಿದೆಯಲ್ಲ, ಊರೂರಿನ ಮನೆಗಳಿಗೆ ನೆಲಕ್ಕೆ ಹಾಸುವ ಫರ್ಶಿಯಾಗಿ ಹೋಗುವಂಥದು, ಅದನ್ನು ಮಶೀನಿನಲ್ಲಿ ಕೊಯ್ದು ಉಜ್ಜುವಾಗ ನೀರಿನೊಡನೆ ಬೂದು ರಾಡಿ ಹರಿಯುತ್ತದೆ. ಅದು ಒಣಗಿದರೆ ಹಿಟ್ಟು. ಮಾವ ಇದ್ದಾಗ ಕಲ್ಲು ಕೆತ್ತುವ ಕೆಲಸ ಮಾಡುತ್ತಿದ್ದರು. ಆಗಿನಿಂದ ಅತ್ತೆಗೆ ಆ ಹಿಟ್ಟಿಲ್ಲದೆ ಪಾತ್ರೆ ತಿಕ್ಕಿದರೆ ತಿಕ್ಕಿದಂತಲ್ಲ. ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಮೂರು ಸಲ ಸೋಸುತ್ತಾರೆ. ಬೆರಳಿಗೆ ಹಚ್ಚಿಕೊಂಡರೆ ಮುಖಕ್ಕೆ ಹಾಕುವ ಪೌಡರಿನಂತೆ ನುಣ್ಣಗೆ.

ಮೊದಲು ದೀಪಾವಳಿಗೆ ಮಾತ್ರ ಗಿನ್ನಿ ತೊಳೆಯುತ್ತಿದ್ದರು. ಲಕ್ಷ್ಮೀಪೂಜೆಯ ದಿನ ಮನೆಯ ಬಂಗಾರಕ್ಕೆಲ್ಲ ಸ್ನಾನ. ಮಾಸಿದ ಲಕ್ಷ್ಮಿಯನ್ನು ಮಣೆಯ ಮೇಲೆ ಯಾರು ಕೂಡಿಸುತ್ತಾರೆ? ಕಣ್ಣು ಹೋದ ಮೇಲೆ ಅದು ಹೆಚ್ಚಾಯಿತು. ಅವರಿಗೆ ಟಿವಿ ಇಲ್ಲ, ಗ್ವಾಡಿಯ ಕ್ಯಾಲೆಂಡರಿನ ದೇವರಿಲ್ಲ, ಮೊಮ್ಮಗಳ ಮದುವೆಯ ಫೋಟೋ ಇಲ್ಲ. ಬೆರಳಿನಿಂದ ನೋಡಬಹುದಾದ ಚಿತ್ರಗಳೆಂದರೆ ನನ್ನ ಒಂಬತ್ತು ಗಿನ್ನಿಗಳೇ. ಮಧ್ಯಾಹ್ನ ಬೇಸರವಾದಾಗ ಡಬ್ಬಿ ಕೇಳುತ್ತಿದ್ದರು. ಹೆಬ್ಬೆರಳಿಟ್ಟು ಹೇಳುತ್ತಿದ್ದರು: ಇಕಿ ಜಡೆಯ ಹುಡುಗಿ. ಇಕಿ ಮುಸುಕಿನ ಮುದುಕಿ, ಗಂಡ ಸತ್ತಾಕಿ. ಇಂವ ಗಡ್ಡದಂವ. “ಇಂವ ಥೇಟ್ ನಿಮ್ಮ ಮಾವನಂಗ ಇದ್ದಾನ. ಏನ್ ಕೇಳಿದ್ರೂ ಆಕಡೀ ಮಕಾ ತಿರಗ್ಸಿ ಕುಂತಾನ ನೋಡು.” ಮುಂಬೈಯ ಟಂಕಸಾಲೆಯಲ್ಲಿ ಒತ್ತಿದ್ದೊಂದಿತ್ತು; ಅದು ಇಲ್ಲೇ ಹುಟ್ಟಿದ್ದೆಂದು ಹೇಳಿದಾಗಿನಿಂದ ಅದರ ಮೇಲೆ ಅವರಿಗೆ ಹೆಚ್ಚಿನ ಮಮತೆ. ಮುಖದ ಸಂದಿಯಲ್ಲಿ ಏನೋ ಸಿಕ್ಕಿದೆ ಅನಿಸಿದರೆ ಚಿಪ್ಪಿನ ಕಡೆ ಕೈ ಹೋಗುತ್ತಿತ್ತು.

ನಾನು ನೋಡುತ್ತಲೇ ಇದ್ದೆ. ಪಕ್ಕದಲ್ಲಿ ಕೂತು ತೊಗರಿಬೇಳೆ ಆರಿಸುತ್ತ ನೋಡುತ್ತಿದ್ದೆ. ಶಾಲೆಯಲ್ಲಿ ಶನಿವಾರ ಸಿಸ್ಟರ್‌ಗಳು ನಮ್ಮಿಂದ ಪ್ರಾರ್ಥನೆಯ ಕೋಣೆಯ ಹಿತ್ತಾಳೆಯ ದೀಪಗಂಬಗಳನ್ನು ತಿಕ್ಕಿಸುತ್ತಿದ್ದರು. ಹೊಳಪು ಬಂದಾಗ ಆಗುವ ಸಂತೋಷ ನನಗೂ ಗೊತ್ತಿತ್ತು.

ಆ ದಿನ ಚಿತ್ತಾಪುರಕ್ಕೆ ಹೊರಟಿದ್ದು ಗಿನ್ನಿ ಮಾರಲಿಕ್ಕೆ. ಯಜಮಾನರ ನೌಕರಿ ಆ ತಿಂಗಳಿಗೆ ಮುಗಿಯುತ್ತಿತ್ತು, ಕ್ವಾರ್ಟರ್ಸ್ ಬಿಡಬೇಕು. ಶಹಾಬಾದಿನಲ್ಲಿ ಒಂದು ಮನೆ ಮಾರಾಟಕ್ಕಿತ್ತು. ಬರೀ ಒಂದು ಮನೆಯಲ್ಲ. ಅತ್ತೆ ಮದುವೆಯಾಗಿ ಬಂದು ಬಾಡಿಗೆಗೆ ಇದ್ದದ್ದು, ಯಜಮಾನರು ಹುಟ್ಟಿದ್ದು, ನಾನು ಸೊಸೆಯಾಗಿ ಅಕ್ಕಿಯ ಸೇರು ಒದ್ದು ಒಳಗೆ ಬಂದದ್ದು ಅದೇ ಮನೆಗೆ. ಎರಡು ಕೋಣೆ, ಒಂದು ಪಡಸಾಲೆ, ನಡುವೆ ತೆರೆದ ಅಂಗಳ, ತುಂಬ ಫರ್ಶಿ. ಮನೆಯ ಮಾಲಕರು ಮಾರುತ್ತಾರಂತೆ ಎಂದು ಕೇಳಿದ ದಿನದಿಂದ ಅತ್ತೆ ಕೂತಲ್ಲೇ ಆ ಮನೆಯಲ್ಲಿ ತಿರುಗಾಡತೊಡಗಿದರು. ಹೊಸ್ತಿಲು ದಾಟಿದರೆ ಎಡಕ್ಕೆ ಅಲುಗಾಡುವ ಕಲ್ಲು. ಅದರಾಚೆ ಉದ್ದನೆಯದು, ನಡುವೆ ಸೀಳಿದ್ದು. ಬಚ್ಚಲ ಹತ್ತಿರದ್ದು ಸವೆದು ತೊಟ್ಟಿಲಿನಂತಾಗಿದೆ. “ಅಲ್ಲಿ ನನ್ನ ಕಾಲಿಗಿ ಕಣ್ಣವ,” ಎನ್ನುತ್ತಿದ್ದರು. ಇಲ್ಲಿ ಕ್ವಾರ್ಟರ್ಸಿನ ನುಣ್ಣನೆಯ ಟೈಲ್ಸಿನ ಮೇಲೆ ಅವರು ಫ್ರಿಜ್ ಹಿಡಿದು, ಗ್ವಾಡಿ ಹಿಡಿದು, ನನ್ನ ತೋಳು ಹಿಡಿದು ನಡೆಯುತ್ತಾರೆ. ಬಚ್ಚಲಿಗೆ ಹೋಗಲೂ ನನ್ನನ್ನು ಕೂಗಬೇಕಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅವರು ಹೇಳಿರಲಿಲ್ಲ; ತಂಬಿಗೆ ಸಂಜೆಯಾದರೂ ತುಂಬಿಯೇ ಇರುವುದನ್ನು ನೋಡಿ ನನಗೆ ತಿಳಿದಿತ್ತು.

ಆ ಮನೆ ಸಿಗದಿದ್ದರೆ ನಾವು ಗೊತ್ತುಮಾಡಿಟ್ಟಿದ್ದದ್ದು ಸೇಡಂನಲ್ಲಿ ಯಜಮಾನರ ಗೆಳೆಯರ ಮಾಳಿಗೆಯ ಮೇಲಿನ ಬಾಡಿಗೆ ಕೋಣೆಗಳು. ಹೊರಗಿನಿಂದ ಮೆಟ್ಟಿಲು. ಮೆಟ್ಟಿಲಿಗೆ ಹಿಡಿಕೆ ಇಲ್ಲ. ಅಲ್ಲಿಗೆ ಹೋದರೆ ಅತ್ತೆ ಹತ್ತುವುದು ಒಂದೇ ಸಲ, ಇಳಿಯುವುದು ಒಂದೇ ಸಲ ಎಂದು ನನಗೆ ಅನಿಸಿತ್ತು. 

ಮನೆಗೆ ಬೇಕಾದದ್ದರಲ್ಲಿ ಅರ್ಧ ಯಜಮಾನರ ಫಂಡಿನಿಂದ, ಉಳಿದರ್ಧ ಗಿನ್ನಿಯಿಂದ. ವ್ಯಾಪಾರಿಗೆ ಫೋಟೋ ಕಳಿಸಿದ್ದೆ. “ನಾ ಕೊಟ್ಟಾಗ ಹೆಂಗಿದ್ವೋ ಹಂಗೇ ಇದ್ರ, ನೀವು ಹೇಳಿದ್ದು ಸಿಗ್ತದಮ್ಮಾ, ಮ್ಯಾಲೂ ಸಿಗ್ತದ. ಕೈಯಾಗ ಹಿಡದು ನೋಡಬೇಕು,” ಎಂದಿದ್ದರು. ಚಿತ್ತಾಪುರದಲ್ಲಿ ಅವರ ಪರಿಚಯದ ಸರಾಫ ಅಂಗಡಿ ಇತ್ತು. ಅಲ್ಲಿಗೆ ಬರುತ್ತೇನೆ ಎಂದು ದಿನ ಹೇಳಿದರು. ಶಹಾಬಾದಿನ ಮಾಲಕರೂ ಅದೇ ದಿನದವರೆಗೆ ತಡೆಯುತ್ತೇನೆ ಎಂದಿದ್ದರು.

ಪ್ಯಾಸೆಂಜರಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಡಬ್ಬಿಯನ್ನು ರೊಟ್ಟಿಯ ಗಂಟಿನಡಿ ಇಟ್ಟುಕೊಂಡು ಚೀಲ ಮಡಿಲಲ್ಲಿಟ್ಟುಕೊಂಡಿದ್ದೆ. ಯಜಮಾನರು ರಜೆಯ ದಿನವೂ ಕಾರ್ಖಾನೆಯ ಶರ್ಟನ್ನೇ ಹಾಕಿಕೊಂಡಿದ್ದರು, ರೂಢಿಯಿಂದ. “ಅಂಗಳಕ್ಕ ಶೀಟ್ ಹಾಕಸೋಣೇನು?” ಎಂದು ಕೇಳಿದರು. ಬೇಡ, ಅತ್ತೆಗೆ ಬಿಸಿಲು ಬೀಳುವುದು ಗೊತ್ತಾಗಬೇಕು ಎಂದೆ. ಹೌದೆಂದು ತಲೆಯಾಡಿಸಿ, ಬಚ್ಚಲ ತನಕ ಗ್ವಾಡಿಗೆ ಹಿಡಿದು ನಡೆಯಲು ಒಂದು ಪೈಪು ಹೊಡೆಸಿದರೆ ಹೇಗೆ ಎಂದರು. ಇಡೀ ದಾರಿ ನಾವು ಆ ಮನೆಯಲ್ಲಿ ಸಂಸಾರ ಮಾಡಿದೆವು.

ಸರಾಫ ಅಂಗಡಿಯವರು ಗಾದಿಯ ಮೇಲಿಂದಲೇ ಕೂಗಿದರು. “ಬರ್ರಿ ಬರ್ರಿ, ಕುಂದ್ರಿ. ರಾಣಿಯವರ ದರ್ಬಾರ ಬಂತು. ಚಹಾ ಹೇಳ್ಲೇನು?” ವ್ಯಾಪಾರಿ ಒಳಗಿನ ಮೇಜಿನ ಹಿಂದೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಣ್ಣಗೆ ಕತ್ತರಿಸಿದ ಬಿಳಿ ಗಡ್ಡ, ಪಕ್ಕದಲ್ಲಿ ತೆಳುವಾದ ಕೈಚೀಲ. ಅವರ ಮುಂದೆ ಕಪ್ಪು ಮಖಮಲ್ಲು ಹಾಸಿತ್ತು. ನಾನು ಡಬ್ಬಿ ತೆರೆದಿಟ್ಟೆ. ಬೆಳಿಗ್ಗೆ ತಾನೇ ಮುಖ ತೊಳೆದ ಒಂಬತ್ತೂ ದೀಪದಡಿ ಝಗ್ಗನೆ ಹೊಳೆದವು.

ಅವರು ಮೊದಲನೆಯದನ್ನು ಅಂಚಿನಲ್ಲಿ ಹಿಡಿದು ಎತ್ತಿದರು. ಓರೆ ಮಾಡಿದರು. ಕಣ್ಣಿಗೆ ದುರ್ಬೀನಿಟ್ಟು, ಆ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರು. ಕೆಳಗಿಟ್ಟು ಎರಡನೆಯದು. ಮೂರನೆಯದನ್ನು ಬೇಗ ಇಟ್ಟರು. ಐದಾರು ನೋಡುವಷ್ಟರಲ್ಲಿ ದುರ್ಬೀನು ಹಚ್ಚುವುದನ್ನೂ ಬಿಟ್ಟು ಬರಿಗಣ್ಣಲ್ಲೇ ನೋಡಿ ಇಡುತ್ತಿದ್ದರು. ಚಹಾ ಬಂತು, ಕೆನೆ ಕಟ್ಟಿತು.

“ಯಾರ್ ತೊಳದಾರಮ್ಮಾ ಇವನ್ನ?”

ನಾನು, ದೇವರೇ, ಖುಷಿಯಿಂದ ಹೇಳಿದೆ: “ನಮ್ಮ ಅತ್ತಿಯವರು. ಹಬ್ಬಕ್ಕ ತಪ್ಪಸಂಗಿಲ್ರಿ. ಭಾಳ ಸ್ವಚ್ಛ ಇಟ್ಟೀವಿ.”

ಅವರು ದುರ್ಬೀನನ್ನು ಮಡಚಿ ಮೇಜಿನ ಮೇಲಿಟ್ಟರು. “ಏನ್ ಹಚ್ಚಿ?”

“ಕಲ್ಲಿನ ಹಿಟ್ಟು. ಸೋಸಿ.”

“ಯಾ ಅಲ್ಲಾ,” ಎಂದರು ಮೆತ್ತಗೆ, ಸತ್ತವರ ಸುದ್ದಿ ಕೇಳಿದ ಹಾಗೆ.

ಯಜಮಾನರಿಗೆ ಸಿಟ್ಟು ಬಂತು. “ಏನ್ರಿ ಆಗ್ಯಾದ ಅವಕ್ಕ? ಬಂಗಾರ ಏನ್ ತೊಳದ್ರ ಕರಗ್ತದೇನು? ಭಾವ ಇಳಸ್ಲಿಕ್ಕ ಹಿಂಗ ಮಾತಾಡ್ಲಿಕತ್ತೀರೇನು?”

“ಸಾಹೇಬ್ರ, ಇವನ್ನ ಮಾರಿದಂವ ನಾನೇ. ಭಾವ ಇಳಿಸಿ ನನ್ನ ಮಾಲಿಗಿ ನಾನೇ ಹೆಸರ ಇಡ್ಲೇನು?” ಅವರು ಸಿಟ್ಟಾಗಲಿಲ್ಲ. ಕೈಚೀಲದಿಂದ ಒಂದು ನಾಣ್ಯ ತೆಗೆದು ನನ್ನ ಜಡೆಯ ರಾಣಿಯ ಪಕ್ಕ ಇಟ್ಟರು. ಅದೇ ರಾಣಿ. ಆದರೆ ಮಬ್ಬು, ಕೆಂಪು ಕೆಂಪಾಗಿ, ಸಂದಿಯಲ್ಲೆಲ್ಲ ಕಪ್ಪು. ನಮ್ಮ ಅತ್ತೆ ಮುಟ್ಟಿದ್ದರೆ ಚಿಪ್ಪಿನ ಕಡೆ ಕೈ ಚಾಚುತ್ತಿದ್ದರು. “ಈಗ ನೀವೇ ನೋಡ್ರಿ ಅಮ್ಮಾ,” ಎಂದು ದುರ್ಬೀನನ್ನು ನನ್ನ ಕಡೆ ಸರಿಸಿದರು.

ನೋಡಿದೆ. ಅವರ ರಾಣಿಯ ಕೂದಲು ಎಳೆ ಎಳೆಯಾಗಿತ್ತು. ಕಿವಿಯ ಹಿಂದೆ ಬಾಚಿ ಒಯ್ದು ಕಟ್ಟಿದ್ದ ಪಟ್ಟಿಯಲ್ಲಿ ನೇಯ್ಗೆ ಕೂಡ ಕಾಣುತ್ತಿತ್ತು. ನನ್ನ ರಾಣಿಯ ತಲೆಗೆ ಒದ್ದೆ ಬಟ್ಟೆ ಸುತ್ತಿದಂತಿತ್ತು. ಕಿವಿ ಇರಲಿಲ್ಲ. ಕಣ್ಣಿನ ರೆಪ್ಪೆ ಇರಲಿಲ್ಲ. ಕಣ್ಣಿದ್ದ ಕಡೆ ಒಂದು ನುಣ್ಣನೆಯ ಉಬ್ಬು. ಕೆನ್ನೆಯ ಮೇಲೆಲ್ಲ ಕೂದಲಿಗಿಂತ ತೆಳುವಾದ ಗೀರುಗಳು. ಅಡ್ಡಾದಿಡ್ಡಿ ಗೀರುಗಳಲ್ಲ. ಸಣ್ಣ ಸಣ್ಣ ಸುತ್ತು, ಎಡದಿಂದ ಬಲಕ್ಕೆ, ಒಂದೇ ಸಮ.

ಆ ಸುತ್ತು ನನಗೆ ಗೊತ್ತಿತ್ತು. ಆ ಹೆಬ್ಬೆರಳು ಹೆರಿಗೆಯಾದ ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದ್ದು ಹಾಗೆಯೇ.

“ಹಳೀ ನಾಣ್ಯ ತಗೊಳ್ಳೋರು ಮೊದಲ ನೋಡೋದು ತೊಳದಾರೋ ಇಲ್ಲೋ ಅಂತ,” ಎನ್ನುತ್ತಿದ್ದರು ವ್ಯಾಪಾರಿ. “ಹೊಲಸಿದ್ರೂ ನಡೀತದ. ತೊಳದದ್ದು ನಡಿಯಂಗಿಲ್ಲ. ಈಗ ಇವು ಬರೇ ಬಂಗಾರ. ಇವತ್ತಿನ ಭಾವ ಕೊಡ್ತೀನಿ, ಒಂದ್ ಪೈಸಾ ಕಮ್ಮಿ ಇಲ್ಲ. ಭಾವನೂ ಭಾಳ ಏರೇದ, ನಿಮಗ ಲುಕ್ಸಾನ ಅಂತೂ ಇಲ್ಲ.”

“ಒಂಬತ್ತೂ ಹಂಗೇ ಆಗ್ಯಾವೇನ್ರಿ? ಆ ಮುಂಬೈದು?”

“ಅದೇ ಎಲ್ಲಾಕ್ಕಿಂತ ಜಾಸ್ತಿ ಸವದದಮ್ಮಾ.”

ಗಾದಿಯ ಮೇಲಿಂದ ಸರಾಫರು, “ಇದಕ್ಕೇ ಹೇಳೋದ್ರಿ ಬಾಯಿ, ಕೊಂಡಿ ಹಚ್ಚಿ ಕೊಳ್ಳಾಗ ಹಾಕ್ಕೋರಿ ಅಂತ. ನಾಕ್ ಮಂದಿ ನೋಡಿದ್ದರ ಆಗ್ತಿತ್ತು,” ಎಂದು ನಕ್ಕರು. ಅಲ್ಲಿ ನಾದಿನಿ ಇದ್ದಿದ್ದರೆ ಅದೇ ಮಾತು ಹೇಳುತ್ತಿದ್ದಳು. ಅವಳ ಮಗಳು ಆ ಎರಡನ್ನು ಹಾಕಿಕೊಂಡಿದ್ದರೆ ಹಾಳಾಗುತ್ತಿದ್ದದ್ದು ಎರಡೇ. ಉಳಿದ ಏಳು ಚಿಪ್ಪಿನ ಪಕ್ಕದಲ್ಲಿ ಹೇಗೂ ಇದ್ದವಲ್ಲ ಎಂದು ಲೆಕ್ಕ ಹಾಕಿ, ಆ ಲೆಕ್ಕಕ್ಕೂ ಅರ್ಥವಿಲ್ಲವೆಂದು ಬಿಟ್ಟೆ.

ಬರೇ ಬಂಗಾರದ ಭಾವಕ್ಕೆ ಕೊಟ್ಟರೆ ಮನೆಗೆ ಸಾಲದು. ಅಂಗಳದವರೆಗೂ ಬರುವುದಿಲ್ಲ. ಯಜಮಾನರು ನನ್ನ ಮುಖ ನೋಡಿದರು. ನಾನು ಒಂದೊಂದೇ ಗಿನ್ನಿಯನ್ನು ಡಬ್ಬಿಗೆ ಹಾಕಿದೆ. ಹಾಕುವಾಗ ಪ್ರತಿಯೊಂದನ್ನೂ ಸೆರಗಿನ ತುದಿಯಿಂದ ಒರೆಸುತ್ತಿದ್ದೆ ಎಂಬುದು ಕಡೆಯದಕ್ಕೆ ಬಂದಾಗ ಗೊತ್ತಾಯಿತು. ವ್ಯಾಪಾರಿ ತಮ್ಮ ನಾಣ್ಯವನ್ನು ಕೈಚೀಲಕ್ಕೆ ಹಾಕಿಕೊಂಡರು. ಇನ್ನು ಒರೆಸಿದರೆ ಹೋಗುವಂಥದೇನೂ ಅದರಲ್ಲಿ ಉಳಿದಿರಲಿಲ್ಲ.

ಚಿತ್ತಾಪುರದ ಸ್ಟೇಷನ್ನಿನಲ್ಲಿ ಬೇವಿನ ಮರದ ಕೆಳಗೆ ಕಲ್ಲು ಬೆಂಚು. ಅದೂ ಶಹಾಬಾದಿನ ಕಲ್ಲೇ. ಯಜಮಾನರು ಸ್ವಲ್ಪ ದೂರ ನಿಂತು ಮನೆಯ ಮಾಲಕರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿರಲಿಲ್ಲ, ಆದರೂ ಆ ಕಡೆಯ ದನಿ ದೊಡ್ಡದು, ಕೇಳುತ್ತಿತ್ತು.

“ಇನ್ನ ಎಷ್ಟ್ ತಡೀಲಿ ಹೇಳ್ರಿ? ಅವರು ರೊಕ್ಕ ಹಿಡಕೊಂಡ ಬಾಗಲದಾಗ ಕುಂತಾರ. ನಿಮ್ಮ ಅವ್ವ ಇದ್ದ ಮನಿ ಅಂತ ನಾ ಇಷ್ಟ ದಿನ ಸುಮ್ನಿದ್ದೆ.”

“ಖರೇ ಅದ ರಿ. ಕೊಟ್ಟ ಬಿಡ್ರಿ ಅವರಿಗೇ.”

“ಮನಸಿಗಿ ಹಚ್ಕೋಬ್ಯಾಡ್ರಿ. ಹೆಂಗೂ ಅವರು ಎಲ್ಲಾ ಒಡದು ಹೊಸದ ಕಟ್ಟತಾರಂತ. ಆ ಹಳೀ ಫರ್ಶಿ ಏನದ ಅದರಾಗ.”

ಬಂದು ಬೆಂಚಿನ ಆ ತುದಿಗೆ ಕೂತರು. ನಾನು ಬೈಗುಳಕ್ಕೆ ಕಾದೆ. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆ ಬೈಯಬೇಕಿದ್ದರೆ ಅದು ಆ ಹೊತ್ತು. ಬ್ಯಾಂಕಿನಲ್ಲಿಡು ಎಂದಿದ್ದೆನಲ್ಲ ಎನ್ನಬಹುದಿತ್ತು. ಅವರು ರೊಟ್ಟಿಯ ಗಂಟು ಬಿಚ್ಚಿ, ಒಂದು ತುಣುಕು ಮುರಿದು, ತಿನ್ನದೆ ಕೈಯಲ್ಲಿ ಹಿಡಿದು ಕೂತರು. ಇರುವೆಗಳು ಬಂದವು.

“ಅವ್ವಗ ಹೇಳಬ್ಯಾಡ.”

“ಏನಂತ ಹೇಳ್ಲಿ ಮತ್ತ?”

“ಇವತ್ತ ಭಾವ ಬರಲಿಲ್ಲ ಅಂತ ಹೇಳು.”

“ಮನಿ?”

ಅವರು ರೊಟ್ಟಿಯ ತುಣುಕನ್ನು ಇರುವೆಗಳ ಮುಂದಿಟ್ಟು ಗಂಟು ಕಟ್ಟಿದರು. ರೈಲು ಬರುವ ತನಕ ನಾನು ನನ್ನ ಕಾಲಡಿಯ ಹಾಸುಗಲ್ಲಿನ ಸೀಳನ್ನೇ ನೋಡುತ್ತಿದ್ದೆ. ಹೊಲ ಮಾರಿದ ಹಣ, ಇಂಗ್ಲಿಷು, ಮಧ್ಯಾಹ್ನಗಟ್ಟಲೆ ಓದಿದ್ದು, ನಾದಿನಿಯನ್ನು ಕಳೆದುಕೊಂಡದ್ದು. ಕೊಂಡಿ ಬೆಸೆಯುವವನಿಂದ ಕಾಪಾಡಿದೆ, ಕಳ್ಳರಿಂದ ಕಾಪಾಡಿದೆ. ಪೂಜೆಯಿಂದ ಕಾಪಾಡಬೇಕೆಂದು ಯಾರಿಗೆ ಹೊಳೆಯುತ್ತದೆ? ಹೊಳೆದಿದ್ದರೂ ಆ ಮಧ್ಯಾಹ್ನಗಳಲ್ಲಿ ಅತ್ತೆಯ ಕೈಯಿಂದ ಆ ಮುಖಗಳನ್ನು ಕಿತ್ತುಕೊಳ್ಳುತ್ತಿದ್ದೆನೇ? ಗೊತ್ತಿಲ್ಲ. ಎರಡೂ ಕಡೆಯಿಂದ ಯೋಚಿಸಿದರೂ ಕಡೆಗೆ ನಿಲ್ಲುವುದು ಆ ಹಿಡಿಕೆಯಿಲ್ಲದ ಮೆಟ್ಟಿಲಿನ ಮುಂದೆಯೇ.

ವಾಡಿಗೆ ಬಂದಾಗ ಬಿಸಿಲು ಇಳಿದಿತ್ತು. ಕಾರ್ಖಾನೆಯ ಹೊಗೆ ಊರಿನ ಕಡೆ ವಾಲಿತ್ತು. ಅತ್ತೆ ಮುಂಬಾಗಿಲ ಪಾವಟಿಗೆಯ ಮೇಲೆ ಕೂತು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಪಕ್ಕದಲ್ಲಿ ಬೆಳಿಗ್ಗೆ ತಿಕ್ಕಿದ ಸಾಮಾನು, ತಟ್ಟೆಯಲ್ಲಿ ಬೋರಲಾಗಿ. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು.

“ಹೋದರೇನು ನನ್ನ ರಾಣಿಗೋಳು?”

“ಇಲ್ರಿ ಅತ್ತಿ. ಇಲ್ಲೇ ಅವ.” ಡಬ್ಬಿಯನ್ನು ಅವರ ಕೈಗಿಟ್ಟೆ. ಇಡಬಾರದಿತ್ತೇನೋ. ಬೇರೆಲ್ಲಿ ಇಡುವುದೆಂದೂ ತಿಳಿಯಲಿಲ್ಲ. “ಇವತ್ತ ಭಾವ ಬರಲಿಲ್ಲ.”

“ಬರ್ತದ ಬಿಡು. ಬಂಗಾರ ಎಲ್ಲಿಗಿ ಹೋಗ್ತದ.” ಅವರ ಮುಖದಲ್ಲಿ ಒಂದು ಸಣ್ಣ ಖುಷಿ ಹಾದುಹೋಯಿತು, ಬಚ್ಚಿಡಲು ನೋಡಿದರೂ. “ನನಗೂ ಬೆಳಗಿನಿಂದ ಮನಿ ಬಣಬಣ ಅನ್ಲಿಕತ್ತಿತ್ತು.” ಮುಚ್ಚಳ ತೆಗೆದು ಬೆರಳಿಟ್ಟು ಎಣಿಸಿದರು. ಆಮೇಲೆ ದನಿ ತಗ್ಗಿಸಿ, ಮಗನಿಗೆ ಕೇಳಬಾರದೆಂಬಂತೆ, “ಒಂದ್ ಮಾತ ಹೇಳಬೇಕಿತ್ತು. ಆ ಮನಿ ನಮ್ಮದಾದ ಮ್ಯಾಲ ಇಂವ ಮೊದಲ ಗೌಂಡಿನ ಕರಸ್ತಾನ, ನನಗ ಗೊತ್ತು. ಬಾಗಲದಾಗಿನ ಆ ಅಲಗ್ಯಾಡೋ ಕಲ್ಲ ಮಾತ್ರ ಕೂಡ್ಸಬ್ಯಾಡ ಅಂತ ಹೇಳು. ಅದು ಅಲಗ್ಯಾಡಿದ್ರನ ನನಗ ಬಾಗಲ ಬಂತು ಅಂತ ತಿಳಿಯೋದು.”

“ಹೇಳ್ತೀನ್ರಿ,” ಎಂದೆ. ಯಜಮಾನರು ಚಪ್ಪಲಿ ಬಿಡುತ್ತ ಬಗ್ಗಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು.

ತುಳಸಿಯ ಮೇಲೆ ಒಂದು ದಿನದ ಬೂದು ಆಗಲೇ ಕೂತಿತ್ತು. ನಾನು ಸಮೆ ಎತ್ತಿ ನಿಲ್ಲಿಸಿ ಎಣ್ಣೆ ಹಾಕುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ಹೆಪ್ಪಿಗೆಂದು ಒಯ್ದಿದ್ದ ಬಟ್ಟಲು ಹಿಡಿದು ಬೇಲಿಯ ಸಂದಿಯಿಂದ ಬಂದರು. ಬಟ್ಟಲು ಕಟ್ಟೆಯ ಮೇಲಿಟ್ಟು, ಸಮೆಯ ಮೇಲೆ ಬಿದ್ದ ಸಂಜೆಯ ಬೆಳಕನ್ನು ನೋಡಿ, ಹೊರಡುವ ಅವಸರದಲ್ಲೇ ಹೇಳಿದರು:

“ಆಯಿ ಏನ್ ಹಚ್ಚಿ ತಿಕ್ಕತಾರ್ರಿ ಅಕ್ಕೋರ, ಹಿಂಗ ಹೊಳೀತಾವ? ನಮಗೂ ಒಂದ್ ಮುಟಗಿ ಹಿಟ್ಟ ಕೊಡ್ರಿ ಮತ್ತ. ನಮ್ಮ ಮನ್ಯಾಗಿನ ಬೆಳ್ಳಿ ಲಕ್ಷ್ಮಿನೂ ಭಾಳ ಕರ್ರಗ ಆಗ್ಯಾಳ.”